ಅರೇಬಿಯದ್ದಲ್ಲದ ಅರೇಬಿಕಾ

ಕಿವಿಗೆ ಹಿತವಾಗಿ ಕೇಳಿಸಿತು ಎಂಬ ಒಂದೇ ಕಾರಣಕ್ಕೆ ನಾನೊಮ್ಮೆ ಕಾಫಿ ಅಂಗಡಿಯಲ್ಲಿ ಮಾಕಿಯಾಟೊ ಬೇಕೆಂದು ಹೇಳಿ ಕುಳಿತಿದ್ದೆ. ಉದ್ದನೆಯ ಲೋಟದ ತುಂಬ ಬಿಸಿ ಹಾಲು, ಮೇಲೆ ಬೆರಳು ದಪ್ಪದ ನೊರೆ, ಆ ನೊರೆಯ ಮೇಲೊಂದು ಎಲೆಯ ಚಿತ್ತಾರ ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದವನ ಮುಂದೆ ಬಂದು ಕೂತದ್ದು ಎರಡು ಗುಟುಕಿಗೆ ಮುಗಿದುಹೋಗುವಂಥ ಪುಟ್ಟ ಕಪ್. ಅದರಲ್ಲಿ ಕಡುಕಂದು ಬಣ್ಣದ ಕಾಫಿ, ನಡುವೆ ಚಮಚದ ತುದಿಯಿಂದ ಇಟ್ಟಂತಿದ್ದ ಒಂದು ಬಿಳಿ ಬೊಟ್ಟು. ಹಾಲು ಹಾಕಲು ಮರೆತಿರಾ ಎಂದು ಕೇಳಿಯೇಬಿಟ್ಟೆ. ತಂದಿಟ್ಟ ಹುಡುಗ ನಗದೆ, ಬಹಳ ಮರ್ಯಾದೆಯಿಂದಲೇ, ‘ಮಾಕಿಯಾಟೊ ಅಂದ್ರೆ ಇಷ್ಟೇ ಸಾರ್’ ಎಂದ.

ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ಕಲೆಯಾದದ್ದು ಎಂಬ ಅರ್ಥವಿದೆ ಎಂದು ಆಮೇಲೆ ತಿಳಿಯಿತು. ಹಾಲಿನ ಕಲೆ ಬಿದ್ದ ಕಾಫಿ, ಅಷ್ಟೆ. ಹೆಸರು ನನಗೆ ಸುಳ್ಳು ಹೇಳಿರಲಿಲ್ಲ. ಅದರ ಮಾತು ನನಗೆ ಗೊತ್ತಿರಲಿಲ್ಲ. ದಿನಕ್ಕೆರಡು ಬಾರಿ ಕುಡಿಯುವ ಪದಾರ್ಥದ ಬಗ್ಗೆ ಇಷ್ಟೊಂದು ತಿಳಿಯದವನಾಗಿ ಇಷ್ಟು ವರ್ಷ ಕಳೆದೆನಲ್ಲ ಎಂಬ ಸಣ್ಣ ನಾಚಿಕೆಯಿಂದ ನಾನು ಕಾಫಿಯ ಬಗ್ಗೆ ಓದತೊಡಗಿದೆ. ಓದುತ್ತ ಹೋದಂತೆ ಕಂಡದ್ದೆಂದರೆ, ಮಾಕಿಯಾಟೊದಷ್ಟು ಪ್ರಾಮಾಣಿಕವಾದ ಹೆಸರುಗಳು ಕಾಫಿಯ ಲೋಕದಲ್ಲಿ ಕಡಿಮೆ. ಅಲ್ಲಿನ ಬಹುಪಾಲು ಹೆಸರುಗಳು ವಸ್ತು ಎಲ್ಲಿ ಹುಟ್ಟಿತು ಎಂಬುದನ್ನಲ್ಲ, ಯಾರ ಕೈಯಿಂದ ಯಾರ ಕೈಗೆ ದಾಟಿತು ಎಂಬುದನ್ನು ಹೇಳುತ್ತವೆ.

ಈ ವಿಷಯದಲ್ಲಿ ಕನ್ನಡಕ್ಕೊಂದು ಸಣ್ಣ ಹೆಗ್ಗಳಿಕೆ ಸಲ್ಲಬೇಕು. ಇಂಗ್ಲಿಷಿನವರು ಇದನ್ನು ‘ಬೀನ್’ ಎಂದು ಕರೆದು ಅವರೆ, ಹುರುಳಿಗಳ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ನಾವು ‘ಕಾಫಿ ಬೀಜ’ ಎಂದು ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತೇವೆ. ಕಾಫಿಗೂ ಕಾಳುಗಳಿಗೂ ನಂಟಿಲ್ಲ. ಅದು ಕೇಪಳ, ಕದಂಬಗಳ ಕುಟುಂಬಕ್ಕೆ ಸೇರಿದ ಗಿಡ. ಬಿಳಿಯ ಹೂವು ಮಲ್ಲಿಗೆಯಂತೆ ಕಂಪು ಸೂಸಿ ಕೆಲವೇ ದಿನಗಳಲ್ಲಿ ಉದುರುತ್ತದೆ, ಅನಂತರ ಆರರಿಂದ ಒಂಬತ್ತು ತಿಂಗಳು ತೆಗೆದುಕೊಂಡು ಅರೇಬಿಕಾ ಎಂಬ ಜಾತಿಯ ಕಾಫಿ ಹಣ್ಣು ಕೆಂಪಾಗುತ್ತದೆ. ಬೆಳೆಗಾರರ ಬಾಯಲ್ಲಿ ಅದು ಚೆರ್ರಿ. ಹಣ್ಣನ್ನು ಎರಡು ಬೆರಳಲ್ಲಿ ಹಿಸುಕಿದರೆ ಲೋಳೆಯಲ್ಲಿ ಅದ್ದಿದ ಎರಡು ಬೀಜಗಳು ಜಾರಿ ಹೊರಬರುತ್ತವೆ. ಒಂದರ ಚಪ್ಪಟೆ ಮುಖ ಇನ್ನೊಂದರ ಚಪ್ಪಟೆ ಮುಖಕ್ಕೆ ಒತ್ತಿಕೊಂಡಿರುತ್ತದೆ. ಕೆಲವು ಹಣ್ಣುಗಳಲ್ಲಿ ಒಂದೇ ಬೀಜ ಬಲಿತು, ಒತ್ತಲು ಜೊತೆಗಾರ ಇಲ್ಲದ್ದರಿಂದ ದುಂಡಗೆ ಬೆಳೆಯುತ್ತದೆ. ಅದೇ ಪೀಬೆರಿ. ಒಮ್ಮೆ ಕುತೂಹಲಕ್ಕೆ ಒಂದು ದೊಡ್ಡ ಲೋಟ ಕಾಫಿಗೆ ಬೇಕಾಗುವ 15 ಗ್ರಾಂ ಹುರಿದ ಬೀಜವನ್ನು ತೂಗಿ ತಟ್ಟೆಗೆ ಸುರಿದು ಎಣಿಸಿದೆ. ನೂರಾ ಹದಿನಾಲ್ಕು ಬೀಜಗಳಿದ್ದವು, ಅಂದರೆ ಐವತ್ತೇಳು ಹಣ್ಣು. ಅಷ್ಟನ್ನು ಯಾರೋ ಕೊಯ್ದಿದ್ದರು, ನಾನು ಹತ್ತು ನಿಮಿಷದಲ್ಲಿ ಕುಡಿದು ಮುಗಿಸಿದ್ದೆ.

ಅರೇಬಿಕಾ ಎಂಬುದು ಈ ಹೆಸರುಗಳಲ್ಲೆಲ್ಲ ದೊಡ್ಡ ತಪ್ಪು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಗಿಡಕ್ಕೆ ಕಾಫಿಯಾ ಅರೇಬಿಕಾ ಎಂದು ನಾಮಕರಣ ಮಾಡಿದಾಗ, ಯುರೋಪಿಗೆ ಕಾಫಿ ಬರುತ್ತಿದ್ದ ದಾರಿ ಅರೇಬಿಯ ಆಗಿದ್ದುದರಿಂದ ಗಿಡದ ತವರೂ ಅದೇ ಎಂದು ಬರೆದುಕೊಂಡ. ನಿಜವಾದ ತವರು ಕೆಂಪು ಸಮುದ್ರದ ಆಚೆ ದಡದಲ್ಲಿದೆ. ನೈಋತ್ಯ ಇಥಿಯೋಪಿಯಾದ ಎತ್ತರದ ಕಾಡುಗಳಲ್ಲಿ, ದೊಡ್ಡ ಮರಗಳ ನೆರಳಿನಲ್ಲಿ, ಅದು ಇಂದಿಗೂ ತಾನಾಗಿ ಬೆಳೆಯುತ್ತದೆ. ಅದಕ್ಕಿಂತ ಸ್ವಾರಸ್ಯದ ಸಂಗತಿ ಗಿಡದ ವಂಶಾವಳಿ. ಅರೇಬಿಕಾ ಒಂದು ಬೆರಕೆ. ನಾವು ರೋಬಸ್ಟಾ ಎನ್ನುವ ಕಾಫಿಯಾ ಕ್ಯಾನೆಫೊರಾ ಮತ್ತು ಕಾಫಿಯಾ ಯೂಜೆನಿಯಾಯ್ಡಿಸ್ ಎಂಬ ಎರಡು ಜಾತಿಗಳು ಬಹಳ ಹಿಂದೆ ಕಾಡಿನಲ್ಲಿ ತಾವಾಗಿಯೇ ಕೂಡಿ ಹುಟ್ಟಿದ ಸಂತಾನ ಅದು. ತಂದೆತಾಯಿಗಳಲ್ಲಿ 22 ವರ್ಣತಂತುಗಳಿದ್ದರೆ ಇದರಲ್ಲಿ 44 ಇವೆ, ಮತ್ತು ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಗುಣವೂ ಇದೆ. ಈ ಗುಣವೇ ಮುಂದೆ ಅದರ ಭಾಗ್ಯಕ್ಕೂ ದೌರ್ಬಲ್ಯಕ್ಕೂ ಕಾರಣವಾಯಿತು.

ಕಾಫಿಯ ಕಥೆ ಹೇಳುವವರು ಕಾಲ್ದಿ ಎಂಬ ಇಥಿಯೋಪಿಯದ ಮೇಕೆ ಕಾಯುವ ಹುಡುಗನಿಂದ ಶುರು ಮಾಡುವುದು ವಾಡಿಕೆ. ಕೆಂಪು ಹಣ್ಣು ತಿಂದ ಮೇಕೆಗಳು ಕುಣಿದಾಡಿದವು, ಅದನ್ನು ಕಂಡ ಹುಡುಗ ತಾನೂ ತಿಂದ, ಸನ್ಯಾಸಿಗಳಿಗೆ ಕೊಟ್ಟ, ಅವರು ರಾತ್ರಿಯಿಡೀ ಎಚ್ಚರವಾಗಿ ಪ್ರಾರ್ಥಿಸಿದರು. ಇದೆಲ್ಲ ಒಂಬತ್ತನೆಯ ಶತಮಾನದಲ್ಲಿ ನಡೆಯಿತೆಂದು ಹೇಳುವುದುಂಟು. ಆದರೆ ಕುಣಿಯುವ ಮೇಕೆಗಳ ಕಥೆ ಅಚ್ಚಾದದ್ದು 1671ರಲ್ಲಿ, ಅದೂ ರೋಮಿನಲ್ಲಿ, ಮ್ಯಾರೊನೈಟ್ ಎಂಬ ಕ್ರೈಸ್ತ ಪಂಥದ ಫಾಸ್ಟಸ್ ನೈರನ್ ಎಂಬ ವಿದ್ವಾಂಸನ ಲೇಖನಿಯಿಂದ. ಕಾಲ್ದಿ ಎಂಬ ಹೆಸರು ಅಲ್ಲಿಲ್ಲ, ಅದು ಇನ್ನೂ ಈಚಿನದು. ನನಗೆ ಮೇಕೆಗಳ ಮೇಲೆ ಕೋಪವಿಲ್ಲ. ಎಂಟುನೂರು ವರ್ಷ ತಡವಾಗಿ, ಸಾವಿರಾರು ಮೈಲಿ ದೂರದಲ್ಲಿ ಬರೆದಿಟ್ಟ ಕಥೆಯನ್ನು ಇತಿಹಾಸದ ಮೊದಲ ಪುಟಕ್ಕೆ ಅಂಟಿಸುವವರ ಮೇಲೆ ಮಾತ್ರ ಸ್ವಲ್ಪ ಇದೆ.

ಕುರುಹು ಉಳಿದಿರುವ ಕಾಫಿಯ ಬದುಕು ಹದಿನೈದನೆಯ ಶತಮಾನದ ಯೆಮೆನ್‌ನಲ್ಲಿ ತೊಡಗುತ್ತದೆ. ಅಲ್ಲಿನ ಸೂಫಿಗಳು ಇರುಳಿನ ಧ್ಯಾನದ ಹೊತ್ತಿಗೆ ನಿದ್ದೆ ತಡೆಯಲು ಇದನ್ನು ಕುಡಿಯುತ್ತಿದ್ದರು. ಅವರು ಇದನ್ನು ಕರೆದ ‘ಕಹ್ವಾ’ ಎಂಬ ಪದವನ್ನು ಅರಬ್ಬೀ ಕವಿಗಳು ಅದಕ್ಕೂ ಮುಂಚೆ ದ್ರಾಕ್ಷಾರಸಕ್ಕೆ ಬಳಸಿದ್ದರು. ಮದ್ಯದ ಹೆಸರನ್ನು ಹೊತ್ತ ಪಾನೀಯ ಅನುಮಾನಕ್ಕೆ ಗುರಿಯಾದದ್ದರಲ್ಲಿ ಆಶ್ಚರ್ಯವಿಲ್ಲ. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. ಕೈರೊದಲ್ಲಿದ್ದ ಸುಲ್ತಾನ ಅದನ್ನು ಸಡಿಲಿಸಿದ. ಕಹ್ವಾ ತುರ್ಕಿಯರ ಬಾಯಲ್ಲಿ ಕಹ್ವೆ, ಡಚ್ಚರ ಬಾಯಲ್ಲಿ ಕೊಫಿ ಆಗಿ ನಮ್ಮ ತನಕ ಬಂದಿತು. 1550ರ ದಶಕದಲ್ಲಿ ಇಸ್ತಾಂಬುಲ್‌ನಲ್ಲಿ ಕಾಫಿಮನೆಗಳು ತೆರೆದವು, 1652ರಲ್ಲಿ ಪಾಸ್ಕ್ವಾ ರೋಸೆ ಎಂಬಾತ ಲಂಡನ್ನಿನಲ್ಲಿ ಒಂದನ್ನು ತೆರೆದ. ಆಳುವವರಿಗೆ ಕಾಫಿಗಿಂತ ಕಾಫಿ ಕುಡಿಯುತ್ತ ಕೂತವರ ಮಾತಿನ ಭಯವೇ ಹೆಚ್ಚು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1675ರ ಡಿಸೆಂಬರಿನಲ್ಲಿ ಕಾಫಿಮನೆಗಳನ್ನೆಲ್ಲ ಮುಚ್ಚಲು ಆಜ್ಞೆ ಹೊರಡಿಸಿ, ಜನರ ಗಲಾಟೆಗೆ ಬೆದರಿ ಮುಂದಿನ ತಿಂಗಳೇ ಹಿಂದೆಗೆದುಕೊಂಡ.

ಆ ದಿನಗಳಲ್ಲಿ ಜಗತ್ತಿಗೆಲ್ಲ ಕಾಫಿ ಹೋಗುತ್ತಿದ್ದದ್ದು ಯೆಮೆನ್ನಿನ ಮೋಖಾ ಬಂದರಿನಿಂದ. ಅಲ್ಲಿಂದ ಮೊಳೆಯುವ ಬೀಜ ಮಾತ್ರ ಹೊರಗೆ ಹೋಗದಂತೆ ನೋಡಿಕೊಳ್ಳುತ್ತಿದ್ದರು ಎನ್ನುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಏಳು ಬೀಜಗಳನ್ನು ಭಾರತಕ್ಕೆ ತಂದರೆಂಬುದು ಆ ಕಾವಲು ಮುರಿದ ಪ್ರತೀತಿಗಳಲ್ಲಿ ಒಂದು. ಅದೇ ಶತಮಾನದ ಕೊನೆಯಲ್ಲಿ ಡಚ್ಚರು ಮಲಬಾರಿನಿಂದ ಜಾವಾಕ್ಕೆ ಸಸಿಗಳನ್ನು ಒಯ್ದರು. ಜಾವಾದ ಒಂದು ಗಿಡ 1706ರಲ್ಲಿ ಆಮ್‌ಸ್ಟರ್‌ಡಾಮಿನ ಸಸ್ಯೋದ್ಯಾನಕ್ಕೆ ಬಂದಿತು, ಅದರ ಮರಿಯೊಂದು 1714ರಲ್ಲಿ ಹದಿನಾಲ್ಕನೆಯ ಲೂಯಿಗೆ ಉಡುಗೊರೆಯಾಗಿ ಪ್ಯಾರಿಸ್ಸಿಗೆ ಹೋಯಿತು. ಅಲ್ಲಿಂದ ದ ಕ್ಲಿಯು ಎಂಬ ಫ್ರೆಂಚ್ ಅಧಿಕಾರಿ 1720ರ ದಶಕದಲ್ಲಿ ಒಂದು ಸಸಿಯನ್ನು ಮಾರ್ಟಿನಿಕ್ ದ್ವೀಪಕ್ಕೆ ಹಡಗಿನಲ್ಲಿ ಸಾಗಿಸಿದ. ನೀರಿಗೆ ಬರ ಬಂದಾಗ ತನ್ನ ಪಾಲಿನ ನೀರನ್ನು ಅದರ ಜೊತೆ ಹಂಚಿಕೊಂಡೆನೆಂದು ಅವನೇ ಹೇಳಿಕೊಂಡಿದ್ದಾನೆ. 1727ರಲ್ಲಿ ಪಲ್ಹೇತಾ ಎಂಬ ಪೋರ್ಚುಗೀಸ್ ಅಧಿಕಾರಿ ಫ್ರೆಂಚ್ ಗಯಾನಾದಿಂದ ಬ್ರೆಜಿಲ್ಲಿಗೆ ಬೀಜ ದಾಟಿಸಿದ. ಗಯಾನಾದ ರಾಜ್ಯಪಾಲನ ಹೆಂಡತಿ ಅವನ್ನು ಹೂಗುಚ್ಛದಲ್ಲಿ ಅಡಗಿಸಿ ಕೊಟ್ಟಳೆಂಬ ಕಥೆ ಬೇರೆ ಇದೆ.

ಈ ಸಾಹಸಗಳನ್ನು ಓದುವಾಗ ರೋಮಾಂಚನವಾಗುವುದು ನಿಜ, ಆದರೆ ಸಸಿಗೆ ನೀರೆರೆದವನ ಹೆಸರು ಉಳಿದಿದೆ, ಸಸಿ ತೋಟವಾದ ಮೇಲೆ ದುಡಿದವರ ಹೆಸರು ಉಳಿದಿಲ್ಲ. ಈಗಿನ ಹೈಟಿಯಾದ ಸೇಂಟ್ ಡೊಮಿಂಗ್ 1780ರ ದಶಕದ ಕೊನೆಗೆ ಜಗತ್ತಿನ ಕಾಫಿಯಲ್ಲಿ ಸುಮಾರು ಅರ್ಧದಷ್ಟನ್ನು ಬೆಳೆಯುತ್ತಿತ್ತು, ಬೆಳೆಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1791ರಲ್ಲಿ ಅವರು ದಂಗೆಯೆದ್ದರು. ಆ ಪೇಟೆಯನ್ನು ಕ್ರಮೇಣ ಹಿಡಿದುಕೊಂಡ ಬ್ರೆಜಿಲ್, ಕಾಫಿಯಲ್ಲಿ ಜಗತ್ತಿಗೇ ಮೊದಲಿಗನಾಗಿ ಬೆಳೆದ ಮೇಲೆಯೂ 1888ರ ತನಕ ಗುಲಾಮಗಿರಿಯನ್ನು ಬಿಡಲಿಲ್ಲ. ಗಿಡವೂ ಆಫ್ರಿಕಾದ್ದೇ, ಜನರೂ ಅಲ್ಲಿಯವರೇ. ಹೆಸರು ಮಾತ್ರ ಅರೇಬಿಕಾ.

ಇಲ್ಲಿಯೇ ಗಿಡದ ದೌರ್ಬಲ್ಯದ ಮಾತು ಬರುತ್ತದೆ. ಬೆರಳೆಣಿಕೆಯ ಸಸಿಗಳಿಂದ, ಅದೂ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಸಸಿಗಳಿಂದ, ಖಂಡಗಳೇ ತುಂಬಿದ್ದರಿಂದ ತೋಟಗಳಲ್ಲಿದ್ದ ಅರೇಬಿಕಾ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಮನೆಯ ಮಕ್ಕಳು. ಒಂದಕ್ಕೆ ತಗುಲುವ ರೋಗ ಎಲ್ಲಕ್ಕೂ ತಗುಲುತ್ತದೆ. 1869ರಲ್ಲಿ ಸಿಲೋನಿನಲ್ಲಿ ಎಲೆಯ ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಪುಡಿಯಂತೆ ಕಾಣಿಸಿಕೊಂಡ ಎಲೆ ತುಕ್ಕು ರೋಗ ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಕಾಫಿಯನ್ನು ಅಳಿಸಿಹಾಕಿತು, ತೋಟದವರು ಚಹಾ ನೆಟ್ಟರು. ಜಾವಾ ಮೊದಲಾದೆಡೆ ಅದೇ ರೋಗವನ್ನು ತಾಳಿಕೊಳ್ಳುವ ಗಿಡ ಬೇಕೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಂಗೊ ಸೀಮೆಯಿಂದ ರೋಬಸ್ಟಾವನ್ನು ತಂದರು. ಗಟ್ಟಿಮುಟ್ಟಾದದ್ದು ಎಂಬುದೇ ಆ ಹೆಸರಿನ ಅರ್ಥ; ಇದೊಂದು ಹೆಸರು ಸುಳ್ಳಾಡುವುದಿಲ್ಲ. ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಕೆಫೀನ್ ಅದರಲ್ಲಿದೆ, ಕಹಿಯೂ ಹೆಚ್ಚು. ‘ನೂರಕ್ಕೆ ನೂರು ಅರೇಬಿಕಾ’ ಎಂದು ಪೊಟ್ಟಣದ ಮೇಲೆ ಬರೆದುಕೊಳ್ಳುವುದನ್ನು ಗುಣಮಟ್ಟದ ಪ್ರಮಾಣಪತ್ರವೆಂದು ನಾನೂ ನಂಬಿದ್ದೆ. ಕೆಟ್ಟದಾಗಿ ಒಣಗಿಸಿದ ಅರೇಬಿಕಾಕ್ಕಿಂತ ಮುತುವರ್ಜಿಯಿಂದ ಸಂಸ್ಕರಿಸಿದ ರೋಬಸ್ಟಾ ಎಷ್ಟೋ ವಾಸಿ ಎಂಬುದು ಕುಡಿದು ನೋಡಿದ ಮೇಲೆ ತಿಳಿಯಿತು.

ಸಂಸ್ಕರಣೆಯ ಬಗ್ಗೆ ಎರಡು ಮಾತು ಸಾಕು. ಹಣ್ಣಿನ ಸಿಪ್ಪೆ ತೆಗೆದು, ಲೋಳೆಯನ್ನು ಹುದುಗಿಸಿ ತೊಳೆದು ಒಣಗಿಸಿದರೆ ರುಚಿ ತಿಳಿಯಾಗಿ, ಹುಳಿ ಸ್ಪಷ್ಟವಾಗಿ ಬರುತ್ತದೆ. ಹಣ್ಣನ್ನು ಇಡಿಯಾಗಿಯೇ ಬಿಸಿಲಿಗೆ ಹರಡಿ ಒಣಗಿಸಿದರೆ ಹಣ್ಣಿನ ಸಿಹಿಯ ಛಾಯೆಯೊಂದು ಬೀಜದಲ್ಲಿ ಉಳಿಯುತ್ತದೆ. ಲೋಳೆಯನ್ನು ಉಳಿಸಿಕೊಂಡೇ ಒಣಗಿಸುವ ನಡುದಾರಿಗೆ ‘ಹನಿ’ ಎನ್ನುತ್ತಾರೆ, ಅದರಲ್ಲಿ ಜೇನಿನ ಹನಿಯೂ ಇರುವುದಿಲ್ಲ.

ಹುರಿಯುವುದನ್ನು ಮಾತ್ರ ಹತ್ತಿರದಿಂದ ನೋಡಬೇಕೆನಿಸಿ, ಒಂದು ಹಿಡಿ ಹಸಿ ಬೀಜವನ್ನು ದಪ್ಪ ತಳದ ಬಾಣಲೆಗೆ ಹಾಕಿ ಕೈಬಿಡದೆ ಕೆದಕುತ್ತ ನಿಂತೆ. ಬೂದುಹಸಿರು ಬಣ್ಣದ ಬೀಜ ಮೊದಲು ಒಣಹುಲ್ಲಿನ ವಾಸನೆ ಬಿಟ್ಟಿತು, ಹಳದಿಯಾಯಿತು, ಆಮೇಲೆ ರೊಟ್ಟಿ ಕೆಂಪಗಾಗುವಾಗಿನ ಪರಿಮಳ ಬಂದಿತು. ಅಲ್ಲಿಯ ತನಕ ಕಾಫಿಯ ವಾಸನೆಯೇ ಇಲ್ಲ. ಅನಂತರ ಜೋಳ ಅರಳಿದಂತೆ ಚಟ್ ಚಟ್ ಎಂಬ ಸದ್ದು, ಬಾಣಲೆಯ ತುಂಬ ಹಾರಾಡುವ ತೆಳುಪೊರೆ, ನೋಡನೋಡುತ್ತಲೇ ಉಬ್ಬಿದ ಬೀಜಗಳು. ಒಳಗಿನ ಆವಿ ಬೀಜವನ್ನು ಒಡೆಯುವ ಈ ಘಟ್ಟ ಸುಮಾರು 196 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬರುತ್ತದೆ, ಇದು ಮೊದಲ ಸಿಡಿತ. ಇನ್ನೂ ಮುಂದುವರಿಸಿದರೆ ಎಣ್ಣೆ ಹೊರಗೆ ಒಸರಿ, ಮೆಲುದನಿಯ ಎರಡನೆಯ ಸಿಡಿತ ಕೇಳಿಸುತ್ತದೆ. ಕಡಿಮೆ ಹುರಿದಷ್ಟೂ ನೆಲದ ಗುಣ ನಾಲಿಗೆಗೆ ಸಿಗುತ್ತದೆ, ಹೆಚ್ಚು ಹುರಿದಷ್ಟೂ ಬೆಂಕಿಯ ಗುಣ. ನನ್ನ ಬಾಣಲೆಯದು ಎರಡೂ ಆಗಿರಲಿಲ್ಲ. ಅರ್ಧ ಬೀಜ ಕರಿಕಾಗಿತ್ತು, ಉಳಿದರ್ಧ ಹಳದಿಯಾಗಿಯೇ ಇತ್ತು, ಅಡುಗೆಮನೆಯ ಹೊಗೆ ಸಂಜೆಯವರೆಗೂ ಹೋಗಲಿಲ್ಲ.

ಕಹಿಯೇ ಕಾಫಿಯ ಸಹಜ ರುಚಿ ಎಂದು ನಾನು ತಿಳಿದಿದ್ದೆ. ಅದು ಬಹಳ ಮಟ್ಟಿಗೆ ನನ್ನ ಕೈಯ ತಪ್ಪು. ಹುರಿದ ಬೀಜದಲ್ಲಿ ನೀರಿಗೆ ಬಿಡಬಲ್ಲ ಅಂಶ ಶೇಕಡಾ 30ರ ಆಸುಪಾಸಿನಲ್ಲಿದೆ, ಆದರೆ ಅಷ್ಟನ್ನೂ ತೆಗೆಯಬಾರದು. 18ರಿಂದ 22ರಷ್ಟು ತೆಗೆದರೆ ಹದ ಎಂದು 1950ರ ದಶಕದಲ್ಲಿಯೇ ಅಮೆರಿಕದ ಅರ್ನೆಸ್ಟ್ ಲಾಕ್‌ಹಾರ್ಟ್ ಎಂಬ ರಸಾಯನವಿಜ್ಞಾನಿ ತೋರಿಸಿದ್ದ. ನೀರು ಮೊದಲು ಹುಳಿಯನ್ನು ಎಳೆದುಕೊಳ್ಳುತ್ತದೆ, ಆಮೇಲೆ ಸಿಹಿಯನ್ನು, ಕೊನೆಗೆ ಕಹಿಯನ್ನು. ಒಂದೇ ಪೊಟ್ಟಣದ ಬೀಜವನ್ನು ಒಮ್ಮೆ ರವೆಯಷ್ಟು ತರಿಯಾಗಿ, ಒಮ್ಮೆ ಹಿಟ್ಟಿನಷ್ಟು ನಯವಾಗಿ ಬೀಸಿ, ಎರಡಕ್ಕೂ ಅಷ್ಟೇ ಬಿಸಿಯ ಅಷ್ಟೇ ನೀರು ಹಾಕಿ ನಾಲ್ಕು ನಿಮಿಷ ಬಿಟ್ಟು ಕುಡಿದು ನೋಡಿದೆ. ಮೊದಲನೆಯದು ತೆಳ್ಳಗೆ, ಸ್ವಲ್ಪ ಹುಳಿಯಾಗಿ ಇತ್ತು. ಎರಡನೆಯದು ಗಂಟಲಿನಲ್ಲಿ ಉಳಿಯುವ ಒಗರು. ಬೀಜವೊಂದೇ, ಬೀಸಿದ್ದು ಬೇರೆ. ಆ ಪುಡಿ ಹೊಸದಾಗಿದ್ದರೆ ಬಿಸಿನೀರಿನ ಮೊದಲ ಧಾರೆ ಬಿದ್ದೊಡನೆ ಉಸಿರೆಳೆದುಕೊಂಡಂತೆ ಉಬ್ಬಿ, ಮೇಲೆ ಗುಳ್ಳೆಗಳೇಳುತ್ತವೆ. ಹುರಿಯುವಾಗ ಒಳಗೆ ಸಿಕ್ಕಿಹಾಕಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಹೊರಬರುವ ಬಗೆ ಅದು. ಹಳೆಯ ಪುಡಿ ಸುಮ್ಮನೆ ನೆನೆಯುತ್ತದೆ.

ಕಾಫಿ ಇಳಿಸುವ ಸಲಕರಣೆಗಳ ಕಥೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಮೆಲಿಟಾ ಬೆಂಟ್ಸ್ ಎಂಬ ಜರ್ಮನ್ ಗೃಹಿಣಿಯದು. ಕಪ್ಪಿನ ತಳದ ಗಸಿಯಿಂದ ಬೇಸತ್ತ ಆಕೆ ಹಿತ್ತಾಳೆಯ ಪಾತ್ರೆಗೆ ತೂತು ಕೊರೆದು, ಮಗನ ಶಾಲೆಯ ಶಾಯಿ ಹೀರುವ ಕಾಗದವನ್ನು ಅದರಲ್ಲಿಟ್ಟು ಸೋಸಿದಳು. 1908ರಲ್ಲಿ ಅದಕ್ಕೆ ಹಕ್ಕುಪತ್ರವನ್ನೂ ಪಡೆದಳು. ಆದರೆ ಇಂದು ಕಾಫಿ ಅಂಗಡಿಗಳ ಫಲಕಗಳ ಮೇಲೆ ಕಾಣುವ ಹೆಸರುಗಳ ಬೇರು ಬೇರೊಂದು ಯಂತ್ರದಲ್ಲಿದೆ. ಗಿರಾಕಿ ಕಾಯುವುದನ್ನು ತಪ್ಪಿಸಲು ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ 1884ರಲ್ಲಿ, ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಆವಿಯ ಒತ್ತಡದ ಯಂತ್ರಗಳನ್ನು ಮಾಡಿದರು. ಆವಿಯಿಂದ ಕಾಫಿ ಬೇಗ ಇಳಿಯುತ್ತಿತ್ತು, ಸುಟ್ಟ ರುಚಿಯೂ ಇರುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಅಕಿಲೆ ಗಾಜ್ಜಿಯಾ ಆವಿಯನ್ನು ಬಿಟ್ಟು, ಸನ್ನೆಕೋಲು ಜಗ್ಗಿ ಬಿಸಿನೀರನ್ನೇ ಭಾರಿ ಒತ್ತಡದಲ್ಲಿ ಪುಡಿಯ ಮೂಲಕ ಹಾಯಿಸಿದಾಗ ಕಾಫಿಯ ಮೇಲೆ ಹೊಂಬಣ್ಣದ ನೊರೆಯೊಂದು ಕಾಣಿಸಿಕೊಂಡಿತು. ಇಂದು ಅದನ್ನು ‘ಕ್ರೆಮಾ’ ಎಂದು ಕೊಂಡಾಡುವವರ ಅಜ್ಜಂದಿರು ಅಂದು ಅದೇನು ಕೊಳೆಯೋ ಎಂದು ಅನುಮಾನಿಸಿದ್ದರಂತೆ. ಈಗ ರೂಢಿಯಲ್ಲಿರುವ ಲೆಕ್ಕ ಹೀಗಿದೆ: ವಾತಾವರಣದ ಒತ್ತಡದ ಸುಮಾರು ಒಂಬತ್ತು ಪಟ್ಟು ಒತ್ತಡ, 18 ಗ್ರಾಂ ಪುಡಿ, 25ರಿಂದ 30 ಸೆಕೆಂಡು, ಕಪ್ಪಿಗೆ ಇಳಿಯುವುದು 36 ಗ್ರಾಂ ಆಸುಪಾಸು. ಇದು ಎಸ್ಪ್ರೆಸೊ. ಅದು ಬೀಜದ ಹೆಸರೂ ಅಲ್ಲ, ಹುರಿತದ ಹೆಸರೂ ಅಲ್ಲ, ಇಳಿಸುವ ಕ್ರಮದ ಹೆಸರು.

ಇದೊಂದು ಗೊತ್ತಾದರೆ ಉಳಿದ ಫಲಕವೆಲ್ಲ ಹಾಲು ನೀರುಗಳ ಪ್ರಮಾಣದ ಮಾತು. ಎಸ್ಪ್ರೆಸೊಗೆ ಬಿಸಿನೀರು ಸೇರಿಸಿದರೆ ಅಮೆರಿಕಾನೊ. ಅದೇ ಪುಡಿಗೆ ಕಡಿಮೆ ನೀರು ಹಾಯಿಸಿದರೆ ರಿಸ್ಟ್ರೆಟೊ, ಹೆಚ್ಚು ಹಾಯಿಸಿದರೆ ಲುಂಗೊ. ಹಾಲಿನವುಗಳಲ್ಲಿ ಕ್ಯಾಪುಚಿನೊ ಎಂಬುದು ಕ್ಯಾಪುಚಿನ್ ಪಂಥದ ಕ್ರೈಸ್ತ ಸನ್ಯಾಸಿಗಳ ಕಂದು ನಿಲುವಂಗಿಯ ಬಣ್ಣದಿಂದ ಬಂದ ಹೆಸರು, ವಿಯೆನ್ನಾದಲ್ಲಿ ಹುಟ್ಟಿ ಇಟಲಿಗೆ ಹೋಗಿ ಅಲ್ಲಿ ನೊರೆಯ ಟೋಪಿ ಹಾಕಿಕೊಂಡಿತು. ಲಾಟೆಯಲ್ಲಿ ಹಾಲು ಹೆಚ್ಚು, ನೊರೆ ತೆಳು. ಇಟಲಿಯಲ್ಲಿ ಬರೀ ‘ಲಾಟೆ’ ಎಂದು ಕೇಳಿದರೆ ಒಂದು ಲೋಟ ಹಾಲು ಸಿಗುತ್ತದೆ, ಏಕೆಂದರೆ ಪದದ ಅರ್ಥವೇ ಹಾಲು. ಫ್ಲಾಟ್ ವೈಟ್ ಚಿಕ್ಕ ಕಪ್ಪಿನಲ್ಲಿ ರೇಷ್ಮೆಯಂಥ ನುಣುಪು ನೊರೆಯೊಂದಿಗೆ ಬರುತ್ತದೆ; ಅದು ತಮ್ಮದೆಂದು ಆಸ್ಟ್ರೇಲಿಯದವರೂ ನ್ಯೂಜಿಲೆಂಡಿನವರೂ ಇನ್ನೂ ಜಗಳವಾಡುತ್ತಿದ್ದಾರೆ, ನಾನು ಆ ಪಂಚಾಯಿತಿಗೆ ಹೋಗುವುದಿಲ್ಲ. ಈ ಎಲ್ಲದರಲ್ಲೂ ಹಾಲು 60ರಿಂದ 65 ಡಿಗ್ರಿಯವರೆಗೆ ಬಿಸಿಯಾದರೆ ಸಾಕು, ಆಗ ಅದರ ಸಿಹಿ ನಾಲಿಗೆಗೆ ಚೆನ್ನಾಗಿ ಸಿಗುತ್ತದೆ. ಕುದಿಬಿಸಿ ಬೇಕೆಂದು ಹಟ ಹಿಡಿದು ನಾನು ಎಷ್ಟು ಕಪ್ ಒಳ್ಳೆಯ ಹಾಲನ್ನು ಕೆಡಿಸಿದ್ದೇನೋ ಲೆಕ್ಕವಿಲ್ಲ.

ಇನ್ನು ಮೋಕಾ. ಯೆಮೆನ್ನಿನ ಬಂದರಿನ ಹೆಸರು ಮೊದಲು ಅಲ್ಲಿಂದ ಬಂದ ಕಾಫಿಗೆ ಅಂಟಿಕೊಂಡಿತು. ಆ ಬೀಜದಲ್ಲಿ ಚಾಕೊಲೇಟಿನ ಛಾಯೆ ಇದೆಯೆಂದು ಮೆಚ್ಚಿದರು, ಕ್ರಮೇಣ ಕಾಫಿಗೆ ಚಾಕೊಲೇಟನ್ನೇ ಬೆರೆಸಿ ಅದನ್ನು ಮೋಕಾ ಎಂದರು. 1933ರಲ್ಲಿ ಇಟಲಿಯಲ್ಲಿ ಒಲೆಯ ಮೇಲಿಡುವ ಎಂಟು ಮುಖದ ಅಲ್ಯೂಮಿನಿಯಂ ಪಾತ್ರೆಗೂ ಅದೇ ಹೆಸರಿಟ್ಟರು. ಒಂದೇ ಪದ ಈಗ ಊರು, ಬೀಜ, ಪಾನೀಯ, ಪಾತ್ರೆ ನಾಲ್ಕೂ ಆಗಿದೆ, ನಾಲ್ಕರಲ್ಲಿ ಒಂದಕ್ಕೆ ಮಾತ್ರ ಚಾಕೊಲೇಟ್ ಬೇಕು.

‘ಸ್ಟ್ರಾಂಗ್’ ಎಂಬ ಪದದಷ್ಟು ನನ್ನನ್ನು ದಾರಿ ತಪ್ಪಿಸಿದ್ದು ಬೇರೆ ಇಲ್ಲ. ಕಪ್ಪಗೆ ಹುರಿದದ್ದು, ಕಹಿಯಾದದ್ದು, ಪುಟ್ಟ ಕಪ್ಪಿನದು ಹೆಚ್ಚು ಎಚ್ಚರ ಕೊಡುತ್ತದೆಂದು ನಂಬಿದ್ದೆ. ಕೆಫೀನ್ ಹುರಿಯುವಿಕೆಗೆ ಅಷ್ಟಾಗಿ ಜಗ್ಗುವುದಿಲ್ಲ, ಕಪ್ಪು ಹುರಿತದಲ್ಲಿ ಅದು ಹೆಚ್ಚುವುದೂ ಇಲ್ಲ. ಮೇಲೆ ಹೇಳಿದ್ದರ ಅರ್ಧ ಅಳತೆಯ ಒಂದು ಪುಟ್ಟ ಎಸ್ಪ್ರೆಸೊದಲ್ಲಿ ಸುಮಾರು 60 ಮಿಲಿಗ್ರಾಂ ಇದ್ದರೆ, ಸೋಸಿ ಇಳಿಸಿದ ದೊಡ್ಡ ಲೋಟ ಕಾಫಿಯಲ್ಲಿ 90ರ ಆಸುಪಾಸು ಇರುತ್ತದೆ. ಗುಟುಕಿನ ಲೆಕ್ಕದಲ್ಲಿ ಮೊದಲನೆಯದು ಗಟ್ಟಿ, ಲೋಟದ ಲೆಕ್ಕದಲ್ಲಿ ಎರಡನೆಯದು. ಕವಿ ಗಯಟೆ ಕೊಟ್ಟ ಬೀಜಗಳಿಂದ 1819ರಲ್ಲಿ ರುಂಗೆ ಎಂಬ ಯುವ ರಸಾಯನಜ್ಞ ಮೊದಲು ಬೇರ್ಪಡಿಸಿದ ಈ ವಸ್ತು ನಮಗೆ ಶಕ್ತಿ ಕೊಡುವುದಿಲ್ಲ, ದಣಿವಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಕುಡಿದದ್ದರಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ನನ್ನ ನಿದ್ರಾಹೀನತೆಗೆ ನಾನು ಹುಡುಕಿಕೊಂಡಿದ್ದ ಗಹನವಾದ ಕಾರಣಗಳಲ್ಲಿ ಕೆಲವು ಇದನ್ನು ಓದಿದ ದಿನವೇ ಬಿದ್ದುಹೋದವು.

ಮೊನ್ನೆ ಮತ್ತೆ ಮಾಕಿಯಾಟೊ ಕುಡಿದೆ, ಈ ಸಲ ಗೊತ್ತಿದ್ದೇ. ಮೊದಲ ಗುಟುಕಿನಲ್ಲಿ ಹಾಲಿನ ಬೊಟ್ಟು ನಾಲಿಗೆಗೆ ತಾಗಿ ಕಹಿ ಒಂದು ಕ್ಷಣ ತಡವಾಗಿ ಬಂದಿತು. ಎರಡನೆಯದರಲ್ಲಿ ಹಾಲು ಇರಲೇ ಇಲ್ಲ. ಮನೆಯ ಡಬ್ಬಿಯ ಮೇಲೆ ಅಂಟಿಸಿದ್ದ ಬಣ್ಣದ ಚೀಟಿಯನ್ನು ಕಿತ್ತು ಪೆನ್ಸಿಲ್ಲಿನಲ್ಲಿ ಹುರಿದ ದಿನಾಂಕವನ್ನಷ್ಟೇ ಬರೆದಿಟ್ಟಿದ್ದೇನೆ. ನಿನ್ನೆಗೆ ಹದಿನೆಂಟು ದಿನವಾಗಿತ್ತು, ಪುಡಿ ಇನ್ನೂ ಉಬ್ಬುತ್ತಿದೆ.